ಹಳೇ ಲೆಕ್ಕಕ್ಕೆ ಬೀಗ ಹಾಕುವುದು ಹೇಗೆ?

ಆಯುಧಪೂಜೆ ಬಂತೆಂದರೆ ತುಮಕೂರಿನ ಕಚೇರಿಗಳಲ್ಲಿ ಬೀರು ಖಾಲಿ ಮಾಡಿ ಒರೆಸುತ್ತಾರೆ. ಆಗ ಹೊರಗೆ ಬರುವುದೇ ಹಳೇ ಹಾರ್ಡ್ ಡಿಸ್ಕ್. ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಪ್ರತಿ ವರ್ಷ ಅದೇ ಪ್ರಶ್ನೆ: "ಸರ್, ಇದು ಗುಜರಿಗೆ ಹಾಕಲಾ?"

ಬಿ.ಎಚ್. ರಸ್ತೆ ಕಡೆಯ ಒಂದು ಟ್ಯಾಕ್ಸ್ ಕಚೇರಿಯಲ್ಲಿ ಅಂಥ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಪಾಸ್‌ವರ್ಡ್ ಕೇಳಲೇ ಇಲ್ಲ. ಅಡಿಕೆ ಮಂಡಿಯವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಹಿ ಮಾಡಿದ ಚೆಕ್‌ಗಳ ಸ್ಕ್ಯಾನ್, ಎಲ್ಲ ಸಾಲಾಗಿ ಕೂತಿತ್ತು. "ಕಂಪ್ಯೂಟರ್‌ಗೆ ಪಾಸ್‌ವರ್ಡ್ ಇತ್ತಲ್ಲಾ!" ಅಂದರು ಯಜಮಾನರು. ಆ ಪಾಸ್‌ವರ್ಡ್ ಕಾಯುವುದು ಆ ಕಂಪ್ಯೂಟರಿನ ಬಾಗಿಲನ್ನು ಮಾತ್ರ. ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೆ ಬಾಗಿಲೇ ಇಲ್ಲ.

ಹಳೇ ಡೇಟಾ ತಾನೇ ಅಂತ ಸುಮ್ನೆ ಬಿಡಬೇಡಿ. ಬ್ಯಾಂಕ್ ಪಾಸ್‌ವರ್ಡ್ ಬದಲಾಯಿಸಬಹುದು, ಹುಟ್ಟಿದ ತಾರೀಖು ಬದಲಾಗಲ್ಲ. ದಿನಾ ಬಳಸದ ಡಿಸ್ಕಿನಿಂದ ಯಾರಾದರೂ ಕಾಪಿ ಹೊಡೆದರೆ ಗೊತ್ತೂ ಆಗಲ್ಲ.

ಹಂತ 1: ಬೇಡದ್ದನ್ನು ಎಸೆಯಿರಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಡಬೇಕು. ಕೆಲಸ ಬಿಟ್ಟುಹೋದ ಹುಡುಗನ ಆಧಾರ್ ಫೋಟೊ ಅಷ್ಟು ವರ್ಷ ಯಾಕೆ?

ಹಂತ 2: ಸಾಫ್ಟ್‌ವೇರ್. ಬೀಗ ಅಂದರೆ ಇಲ್ಲಿ ಎನ್‌ಕ್ರಿಪ್ಶನ್, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದಂತೆ ಫೈಲನ್ನು ಕಲಸಿಡುವುದು. ನನ್ನ ಆಯ್ಕೆ ಸೆವೆನ್-ಜಿಪ್. ಫೈಲುಗಳನ್ನೆಲ್ಲ 'ಆರ್ಕೈವ್' ಅನ್ನುವ ಒಂದೇ ಗಂಟು ಮಾಡಿ ಬೀಗ ಹಾಕುತ್ತದೆ, ದುಡ್ಡು ಕೊಡಬೇಕಿಲ್ಲ. ಇಡೀ ಡಿಸ್ಕಿಗೇ ಬೀಗ ಬೇಕಿದ್ದರೆ ವೆರಾಕ್ರಿಪ್ಟ್, ಅಥವಾ ವಿಂಡೋಸ್ ಪ್ರೊ ಇದ್ದವರಿಗೆ ಬಿಟ್‌ಲಾಕರ್. ಕೆಲವರ ಪೆನ್‌ಡ್ರೈವಿನಲ್ಲಿ ಇನ್ನೂ ಟ್ರೂಕ್ರಿಪ್ಟ್ ಅನ್ನುವ ಹಳೇ ಬೀಗದ ಸಾಫ್ಟ್‌ವೇರ್ ಇದೆ. ಅದನ್ನು ಮಾಡಿದವರೇ 2014ರಲ್ಲಿ ಕೈಬಿಟ್ಟರು, ನೀವೂ ಬಿಡಿ. 'ಫೋಲ್ಡರ್ ಲಾಕ್' ಅಂತ ಬರುವ ಬಿಟ್ಟಿ ಆ್ಯಪ್‌ಗಳನ್ನಂತೂ ಮುಟ್ಟಲೇಬೇಡಿ. ಅವುಗಳಲ್ಲಿ ಹಲವು ಫೋಲ್ಡರನ್ನು ಬಚ್ಚಿಡುತ್ತವೆ ಅಷ್ಟೆ, ಬೀಗ ಹಾಕಲ್ಲ.

ಹಂತ 3: ಬೀಗ ಹಾಕುವುದು. ಜನ ಎಡವುವುದು ಇಲ್ಲೇ, ನಿಧಾನವಾಗಿ ಮಾಡಿ.

ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆವೆನ್-ಜಿಪ್‌ನಲ್ಲಿ 'ಆ್ಯಡ್ ಟು ಆರ್ಕೈವ್' ಒತ್ತಿ. ದೊಡ್ಡ ಕಿಟಕಿ ತೆರೆಯುತ್ತದೆ. ಫಾರ್ಮ್ಯಾಟ್ ಜಾಗದಲ್ಲಿ 'ಸೆವೆನ್ ಝಡ್' ಇರಲಿ. 'ಜಿಪ್' ಆರಿಸಿದರೆ ಎನ್‌ಕ್ರಿಪ್ಶನ್ ಜಾಗದಲ್ಲಿ ತಾನಾಗಿ 'ಜಿಪ್‌ಕ್ರಿಪ್ಟೊ' ಅನ್ನುವ ಹಳೇ ಬಗೆಯ ಬೀಗ ಬಂದು ಕೂರುತ್ತದೆ. ಅದನ್ನು ಒಡೆಯುವ ದಾರಿ 1994ರಲ್ಲೇ ಪ್ರಕಟವಾಗಿದೆ. ಒಳಗಿನ ಒಂದು ಫೈಲಿನ ಬೀಗವಿಲ್ಲದ ಪ್ರತಿ ಕಳ್ಳನ ಹತ್ತಿರ ಇದ್ದರೆ, ಉಳಿದವನ್ನೂ ಬಿಚ್ಚಬಹುದು. ನಮಗೆ ಬೇಕಾದದ್ದು ಎಇಎಸ್-256 ಅನ್ನುವ ಗಟ್ಟಿ ಬೀಗ, ಸೆವೆನ್ ಝಡ್‌ನಲ್ಲಿ ಇರುವುದು ಅದೇ.

ಪಾಸ್‌ವರ್ಡ್ ಕೆಳಗೆ 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಅನ್ನುವ ಚೌಕ ಇದೆ. ಟಿಕ್ ಮಾಡಿ. ಮಾಡದಿದ್ದರೆ ಫೈಲ್ ತೆರೆಯಲ್ಲ ನಿಜ, ಹೆಸರುಗಳು ಮಾತ್ರ ಎಲ್ಲರಿಗೂ ಕಾಣುತ್ತವೆ. 'ಸಾಲ ಬಾಕಿ ನೋಟಿಸ್' ಅಂತ ಒಂದು ಹೆಸರು ಕಂಡರೆ ಸಾಕಲ್ವಾ?

ಪಾಸ್‌ವರ್ಡ್ ವಿಷಯಕ್ಕೆ ಬರೋಣ. ಇ-ಆಧಾರ್ ಪಿಡಿಎಫ್‌ಗೆ ಹೇಗೂ ಪಾಸ್‌ವರ್ಡ್ ಇರುತ್ತೆ ಅನ್ನುವವರಿದ್ದಾರೆ. ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಪಕ್ಕದಲ್ಲೇ ಪ್ಯಾನ್ ಕಾರ್ಡ್ ಸ್ಕ್ಯಾನ್ ಇದ್ದರೆ ಬೀಗದ ಪಕ್ಕ ಕೀಲಿಕೈ ಇಟ್ಟಂತೆ. ಅಂಗಡಿ ಹೆಸರು, ಮಕ್ಕಳ ಹೆಸರು, ಗಾದೆ, ಸಿನಿಮಾ ಹಾಡಿನ ಸಾಲು ಯಾವುದೂ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಆರು ಪದ ತೆಗೆದುಕೊಳ್ಳಿ. ಒಂದು ದಪ್ಪ ನಿಘಂಟಿನ ಪುಟಗಳನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟು ಆರಿಸಿದರೆ ಇನ್ನೂ ಒಳ್ಳೇದು.

ಅದನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಮನೆಪತ್ರ ಇರುವ ಕಡೆ ಇಡಿ. ಡಿಸ್ಕಿಗೇ ಸ್ಟಿಕ್ಕರ್ ಅಂಟಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮರೆತರೆ ಇಲ್ಲಿ ಓಟಿಪಿ ಬರಲ್ಲ, ನನ್ನಂಥ ರಿಪೇರಿಯವನಿಂದಲೂ ಆಗಲ್ಲ.

ಹಂತ 4: ಬೇರೆ ಕಂಪ್ಯೂಟರಿನಲ್ಲಿ, ಲಕೋಟೆಯ ಕಾಗದ ನೋಡಿಕೊಂಡೇ ಟೈಪ್ ಮಾಡಿ ತೆರೆದು ನೋಡಿ. ಆಮೇಲೆ ಎರಡನೇ ಡಿಸ್ಕಿಗೆ ಕಾಪಿ ಮಾಡಿ ಬೇರೆ ಕಟ್ಟಡದಲ್ಲಿ ಇಡಿ.

ಹಂತ 5: ಮೂಲ ಫೈಲ್ ಅಳಿಸುವುದು. ಇದನ್ನು ಮರೆಯುವವರೇ ಜಾಸ್ತಿ. ಬೀಗ ಹಾಕಿದ ಪ್ರತಿಯ ಪಕ್ಕದಲ್ಲೇ ಬೀಗವಿಲ್ಲದ ಫೋಲ್ಡರ್ ಆರಾಮಾಗಿ ಕೂತಿರುತ್ತದೆ. ಶಿಫ್ಟ್ ಡಿಲೀಟ್ ಕೊಟ್ಟರೂ ಫೈಲಿನ ವಿಳಾಸ ಮಾತ್ರ ಅಳಿಯುತ್ತದೆ, ಹಾರ್ಡ್ ಡಿಸ್ಕಿನಲ್ಲಿ ಫೈಲ್ ಇದ್ದ ಜಾಗದಲ್ಲೇ ಇರುತ್ತದೆ. ವಿಂಡೋಸ್‌ನಲ್ಲಿ 'ಸೈಫರ್' ಅನ್ನುವ ಕಮಾಂಡ್ ಇದೆ. ಡಬ್ಲ್ಯೂ ಆಯ್ಕೆ ಸೇರಿಸಿ ಕೊಟ್ಟರೆ ಖಾಲಿ ಜಾಗದ ಮೇಲೆಲ್ಲ ಬರೆದು ಮುಚ್ಚುತ್ತದೆ. ರಾತ್ರಿ ಹಚ್ಚಿ ಮನೆಗೆ ಹೋಗಿ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ ಇರುವ ಡಿಸ್ಕ್), ಪೆನ್‌ಡ್ರೈವ್‌ಗಳಲ್ಲಿ ಇದನ್ನು ನಂಬುವಂತಿಲ್ಲ. ಅವು ಬರೆಯುವ ಜಾಗವನ್ನು ತಾವೇ ಬದಲಾಯಿಸುತ್ತಿರುತ್ತವೆ. ಅಂಥವಕ್ಕೆ ಫೈಲ್ ಹಾಕುವ ಮೊದಲೇ ಇಡೀ ಡ್ರೈವ್‌ಗೆ ಬೀಗ ಹಾಕಬೇಕು. ಇನ್ನೊಂದು ಮಾತು: ಆರ್ಕೈವ್ ಒಳಗಿನ ಫೈಲನ್ನು ಡಬಲ್ ಕ್ಲಿಕ್ ಮಾಡಿ ಓದಿದರೆ ಅದರ ಬೀಗವಿಲ್ಲದ ಪ್ರತಿ ವಿಂಡೋಸ್ ತಾತ್ಕಾಲಿಕ ಫೈಲ್ ಇಡುವ ಟೆಂಪ್ ಫೋಲ್ಡರಿಗೆ ಹೋಗುತ್ತದೆ. ಅಲ್ಲೂ ಒಮ್ಮೆ ನೋಡಿ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ಡೇಟಾಗೆ ಸರಿಯಾದ ಭದ್ರತೆ ಕೊಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಅಂತಿದೆ. ಮಂಡಿಯವರಿಗೆ ಅಷ್ಟು ಬೀಳುತ್ತೆ ಅಂತ ಹೆದರಿಸುತ್ತಿಲ್ಲ. ಗಿರಾಕಿ ಬಂದು ಕೂಗಾಡಿದರೇ ಸಾಕಷ್ಟಾಯಿತು.

ಡಿಸ್ಕ್ ಗುಜರಿಗೇ ಹೋಗಬೇಕೆಂದರೆ ಡ್ರಿಲ್‌ನಿಂದ ಮೂರು ನಾಲ್ಕು ತೂತು ಹೊಡೆಯಿರಿ. ಲ್ಯಾಪ್‌ಟಾಪ್ ಡಿಸ್ಕಿನ ಒಳಗಿನ ತಟ್ಟೆ ಎಷ್ಟೋ ಸಲ ಗಾಜಿನದಾಗಿರುತ್ತದೆ, ಕಣ್ಣಿಗೆ ಕನ್ನಡಕ ಇರಲಿ. ಟ್ಯಾಕ್ಸ್ ಕಚೇರಿಯವರು ಪಕ್ಕದ ಬಡಗಿಯ ಹತ್ತಿರ ಹೊಡೆಸಿದರು. ಗುಜರಿಯವನು ತೂತು ನೋಡಿ ನಕ್ಕು, ತೂಕದ ಲೆಕ್ಕದಲ್ಲೇ ದುಡ್ಡು ಕೊಟ್ಟ.