ಗಣಿತ, ಕಂಪ್ಯೂಟರ್ ಎರಡಕ್ಕೂ ಒಂದೇ ನೋಟ್‌ಬುಕ್ಕು: ಹೈಸ್ಕೂಲಿನಲ್ಲಿ ಕಲಿಯುವುದು ಹೀಗೆ

ಶಿರಸಿ ಕಡೆ ಮಳೆಗಾಲ ಶುರುವಾಯಿತೆಂದರೆ ಕರೆಂಟು ಹೇಳದೇ ಕೇಳದೇ ಹೋಗುತ್ತದೆ, ನೆಟ್‌ವರ್ಕಂತೂ ಗುಡ್ಡ ಹತ್ತಿ ನಿಂತರೆ ಸಿಕ್ಕೀತು. "ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಕೋಡಿಂಗ್ ಕಲಿಯೋದು ಹೆಂಗೆ?" ಅಂತ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಕೇಳುತ್ತಾರೆ. ಶುರು ಮಾಡಲು ಕಂಪ್ಯೂಟರ್ ಬೇಡ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಅದರಲ್ಲಿ ಗಣಿತಕ್ಕೆ ಅರ್ಧ, ಕಂಪ್ಯೂಟರ್‌ಗೆ ಅರ್ಧ ಅಂತ ಪಾಲು ಮಾಡಬೇಡಿ. ಎರಡೂ ಒಟ್ಟಿಗೇ ಬರಲಿ.

ಮನೆ ಹತ್ತಿರದ ಲೆಕ್ಕದಿಂದ ಶುರು ಮಾಡಿ

ಅಡಿಕೆ ತೋಟ ಎಲ್ಲರಿಗೂ ಗೊತ್ತು ಅಲ್ವಾ? ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ. ಒಂಬತ್ತು ಅಡಿಗೊಂದರಂತೆ ಸಸಿ ನೆಟ್ಟರೆ ಒಂದೊಂದಕ್ಕೆ 81 ಚದರ ಅಡಿ ಜಾಗ ಬೇಕು. ಭಾಗಿಸಿ. ಗುಂಟೆಗೆ 13 ಸಸಿ, ಶೇಷ 36. ಎಕರೆಗೆ 40 ಗುಂಟೆ, ಹಾಗಾಗಿ 520 ಸಸಿ.

ಈಗ ಅದನ್ನೇ ಇನ್ನೊಂದು ದಾರಿಯಲ್ಲಿ ಮಾಡಿ. ಎಕರೆಗೆ 43,560 ಚದರ ಅಡಿ. ನೇರವಾಗಿ 81ರಿಂದ ಭಾಗಿಸಿದರೆ 537 ಬರುತ್ತದೆ. ಹಾಗಾದರೆ 17 ಸಸಿ ಎಲ್ಲಿ ಹೋದವು? ಪ್ರತಿ ಗುಂಟೆಯಲ್ಲೂ ನಾವು ಸುಮ್ನೆ ಬಿಟ್ಟುಬಿಟ್ಟ ಆ 36 ಚದರ ಅಡಿಯಲ್ಲಿ ಹೋದವು. 36ನ್ನು 40ರಿಂದ ಗುಣಿಸಿದರೆ 1440, ಅದರಲ್ಲಿ 81 ಹದಿನೇಳು ಸಲ ಹೋಗುತ್ತದೆ. ನಿಜವಾದ ತೋಟದಲ್ಲಿ ಕಾಲುವೆಗೆ, ಓಡಾಡುವ ದಾರಿಗೆ ಜಾಗ ಬಿಡಬೇಕು, ಆ ಮಾತು ಬೇರೆ. ಆದರೆ ನಡುವೆಯೇ ಶೇಷ ಬಿಟ್ಟು ಮುಂದೆ ಹೋದರೆ ಕೊನೆಯ ಉತ್ತರ ಹಾಳಾಗುತ್ತದೆ ಅನ್ನುವುದನ್ನು ಇಲ್ಲೇ ಕಣ್ಣಾರೆ ನೋಡಿಬಿಡಿ, ಪ್ರೋಗ್ರಾಮ್ ಬರೆಯುವವರು ಮತ್ತೆ ಮತ್ತೆ ಎಡವುವ ಜಾಗ ಇದು.

ಲೆಕ್ಕ ಬಿಡಿಸಿದ ದಾರಿಯನ್ನು ಕನ್ನಡದಲ್ಲಿ ಬರೆಯಿರಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಅದೇ 1089 ಮತ್ತು 81 ತೆಗೆದುಕೊಂಡು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯೋಣ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ಬರೆದಿಟ್ಟ ವಿಧಾನ ಇವತ್ತಿಗೂ ನಡೆಯುತ್ತದೆ. ಪಕ್ಕದಲ್ಲಿ ಕೂತ ತಮ್ಮನಿಗೆ ಹೇಳುವ ಹಾಗೆ ಬರೆಯಿರಿ:

ದೊಡ್ಡದನ್ನು ಚಿಕ್ಕದರಿಂದ ಭಾಗಿಸು. ಶೇಷ ಸೊನ್ನೆಯಾದರೆ ನಿಲ್ಲು, ಚಿಕ್ಕದೇ ಉತ್ತರ. ಸೊನ್ನೆ ಅಲ್ಲದಿದ್ದರೆ ಚಿಕ್ಕದನ್ನು ದೊಡ್ಡದರ ಜಾಗಕ್ಕೆ ಹಾಕು, ಶೇಷವನ್ನು ಚಿಕ್ಕದರ ಜಾಗಕ್ಕೆ ಹಾಕು, ಮತ್ತೆ ಮೊದಲಿನಿಂದ ಮಾಡು.

ಇದೇ ಪ್ರೋಗ್ರಾಮ್. ಇಂಗ್ಲಿಷ್ ಅಕ್ಷರ ಒಂದೂ ಇಲ್ಲದೆ ಬರೆದಾಯಿತು. ಕನ್ನಡ ಮೀಡಿಯಂ ಮಕ್ಕಳು ಕಂಪ್ಯೂಟರ್ ಅಂದರೆ ಇಂಗ್ಲಿಷ್ ಅಂದುಕೊಂಡು ಹಿಂದೆ ಸರಿಯುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಕಷ್ಟ ಇರುವುದು ಯೋಚನೆಯಲ್ಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಶುರುವಿಗೆ ಬೇಕಾಗುವ ಇಂಗ್ಲಿಷ್ ಪದಗಳು ಬೆರಳೆಣಿಕೆಯಷ್ಟು.

ಟೇಬಲ್ ಹಾಕಿ ಓಡಿಸಿ

ಮೂರು ಕಾಲಂ ಎಳೆಯಿರಿ: ದೊಡ್ಡದು, ಚಿಕ್ಕದು, ಶೇಷ. ಮೊದಲ ಸಾಲು 1089, 81, 36. ಎರಡನೆಯದು 81, 36, 9. ಮೂರನೆಯದು 36, 9, 0. ನಿಂತಿತು. ಉತ್ತರ 9. ಲ್ಯಾಬಿನಲ್ಲಿ ಇದಕ್ಕೆ ಡ್ರೈ ರನ್ ಅನ್ನುತ್ತಾರೆ.

ಕುಮಟಾದಲ್ಲಿ ಒಂಬತ್ತನೇ ಕ್ಲಾಸು ಓದುವ ನನ್ನ ಅಕ್ಕನ ಮಗಳು ಇದನ್ನು ಬಿಟ್ಟು ನೇರ ಮೊಬೈಲಿಗೆ ಹೋದಳು. "ಮಾವಾ, 36 ಬಂತು. ಎರರ್ ಏನೂ ತೋರಿಸ್ತಾ ಇಲ್ಲ" ಅಂದಳು. 81 ಬೆಸ ಸಂಖ್ಯೆ, 36 ಅದನ್ನು ಭಾಗಿಸುವುದು ಸಾಧ್ಯವೇ ಇಲ್ಲ, ಆದರೂ ಮೆಷಿನ್ ಧೈರ್ಯವಾಗಿ 36 ಅಂತ ತೋರಿಸುತ್ತಿದೆ. ನೋಟ್‌ಬುಕ್ ತೆಗೆಸಿದೆ, ಟೇಬಲ್ ಹಾಕಿಸಿದೆ. ಎರಡನೇ ಸಾಲಿನಲ್ಲೇ ಸಿಕ್ಕಿಬಿತ್ತು. ಅವಳು ಮೊದಲು ಶೇಷವನ್ನು ಚಿಕ್ಕದರ ಜಾಗಕ್ಕೆ ಹಾಕಿದ್ದಳು, ಆಮೇಲೆ ಚಿಕ್ಕದನ್ನು ದೊಡ್ಡದರ ಜಾಗಕ್ಕೆ. ಅಷ್ಟರಲ್ಲಿ ಹಳೇ 81 ಅಳಿಸಿಹೋಗಿತ್ತು! ಎರಡೂ ಕಡೆ 36 ಆಗಿ, ಶೇಷ ಸೊನ್ನೆ ಬಂದು, ಪ್ರೋಗ್ರಾಮ್ ನಿಂತುಬಿಟ್ಟಿತ್ತು. ಎರಡು ಸಾಲು ಮೇಲೆ ಕೆಳಗೆ ಮಾಡಿದಳು, 9 ಬಂತು. ಆವತ್ತಿನಿಂದ ಟೇಬಲ್ ಹಾಕು ಅಂತ ನಾನು ಹೇಳಬೇಕಾಗಿಲ್ಲ.

ಈಗ ಮೊಬೈಲ್ ತೆಗೆಯಿರಿ

ಅಪ್ಪ ಅಮ್ಮನ ಆಂಡ್ರಾಯ್ಡ್ ಫೋನ್ ಸಾಕು. ಪೈಡ್ರಾಯ್ಡ್ 3 ಆ್ಯಪ್ ಒಮ್ಮೆ ಹಾಕಿಕೊಂಡರೆ ಪೈಥಾನ್ ಓಡಿಸಲು ನೆಟ್ ಬೇಡ. ಪೈಥಾನ್‌ನಲ್ಲಿ ಭಾಗಾಕಾರಕ್ಕೆ ಮೂರು ಚಿಹ್ನೆ ಇವೆ: / ಹಾಕಿದರೆ ದಶಾಂಶ ಉತ್ತರ, // ಹಾಕಿದರೆ ಭಾಗಲಬ್ಧದ ಪೂರ್ಣಾಂಕ, % ಹಾಕಿದರೆ ಶೇಷ. ಈ ಮೂರನ್ನೂ 1089 ಮತ್ತು 81ರ ಮೇಲೆ ಹಾಕಿ ನೋಡಿ. ಇನ್ನೊಂದು ಖುಷಿಯ ವಿಷಯ: ಪೈಥಾನ್ 3ರಲ್ಲಿ ವೇರಿಯಬಲ್ (ಬೆಲೆ ಹಾಕಿಡುವ ಜಾಗ) ಹೆಸರನ್ನು ಕನ್ನಡದಲ್ಲೇ ಇಡಬಹುದು. ಶೇಷ ಅಂತಲೇ ಬರೆಯಿರಿ, ನಡೆಯುತ್ತದೆ.

ಕರಾವಳಿಯವರಿಗೆ ಒಂದು ಲೆಕ್ಕ

ಕಾರವಾರ, ಅಂಕೋಲಾ, ಹೊನ್ನಾವರದ ಮಕ್ಕಳಿಗೆ ಸಮುದ್ರವೇ ಲೆಕ್ಕ ಕೊಡುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸರಾಸರಿ 12 ಗಂಟೆ 25 ನಿಮಿಷ, ಅಂದರೆ 745 ನಿಮಿಷ. ಮೊದಲ ಉಬ್ಬರ ಬೆಳಗ್ಗೆ 6 ಗಂಟೆಗೆ ಅಂದುಕೊಳ್ಳಿ. ಹತ್ತನೆಯದು ಯಾವಾಗ? ಇದು ಸಮಾಂತರ ಶ್ರೇಢಿ: ಮಧ್ಯರಾತ್ರಿಯಿಂದ ನಿಮಿಷ ಎಣಿಸಿದರೆ ಮೊದಲ ಪದ 360, ಸಾಮಾನ್ಯ ವ್ಯತ್ಯಾಸ 745. ಹತ್ತನೇ ಪದ 7065. ಆದರೆ ಗಡಿಯಾರದಲ್ಲಿ 7065 ನಿಮಿಷ ಇಲ್ಲವಲ್ಲ! ದಿನದ 1440ರಿಂದ ಭಾಗಿಸಿ. ಭಾಗಲಬ್ಧ 4, ಶೇಷ 1305. ನಾಲ್ಕು ದಿನ ಮುಂದೆ, ರಾತ್ರಿ 9:45. ಮತ್ತೆ ಶೇಷವೇ ಕೈ ಹಿಡಿಯಿತು. ಹತ್ತೂ ಹೊತ್ತನ್ನು ಪ್ರಿಂಟ್ ಮಾಡುವ ಪ್ರೋಗ್ರಾಮ್ ಬರೆಯಿರಿ, ಆಮೇಲೆ ಮೀನುಗಾರರನ್ನು ಕೇಳಿ ಹೋಲಿಸಿ. ಸ್ವಲ್ಪ ಹೆಚ್ಚು ಕಡಿಮೆ ಬಂದೇ ಬರುತ್ತದೆ, ಸರಾಸರಿ ಹಿಡಿದು ಮಾಡಿದ ಲೆಕ್ಕ ಇದು.

ಎಸ್ಸೆಸ್ಸೆಲ್ಸಿ ಆದಮೇಲಿನ ಚಿಂತೆ ಪಾಲಕರಿಗೆ ಜಾಸ್ತಿ. ಪಿಯುಸಿಯಲ್ಲಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್) ತೆಗೆದುಕೊಂಡರೆ ಬಯಾಲಜಿ ಬದಲು ಕಂಪ್ಯೂಟರ್ ಸೈನ್ಸ್ ಸಿಗುತ್ತದೆ. ಊರಿನ ಕಾಲೇಜಿನಲ್ಲಿ ಅದು ಇಲ್ಲದಿದ್ದರೆ ಗಾಬರಿ ಬೇಡ, ಸಿಇಟಿಯಲ್ಲಿ ಎಂಜಿನಿಯರಿಂಗ್‌ಗೆ ಇರುವುದು ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಪೇಪರ್ ಮಾತ್ರ. ಆ ಮೂರು ಗಟ್ಟಿಯಿರಲಿ, ನೋಟ್‌ಬುಕ್ ಜೊತೆಗಿರಲಿ.

ಈ ವಾರಕ್ಕೆ ಇಷ್ಟು ಮಾಡಿ

1009 ಅವಿಭಾಜ್ಯವೇ? 2ರಿಂದ 1008ರವರೆಗೆ ಎಲ್ಲದರಿಂದ ಭಾಗಿಸಿ ನೋಡುವ ಪ್ರೋಗ್ರಾಮ್ 1007 ಸಲ ಭಾಗಿಸುತ್ತದೆ. 31ಕ್ಕೇ ನಿಲ್ಲಿಸಿದರೆ 30 ಸಲ ಸಾಕು. 31ಕ್ಕೆ ಯಾಕೆ ನಿಲ್ಲಿಸಬಹುದು? 32ರ ವರ್ಗ 1024, ಇಷ್ಟು ಮಾತ್ರ ಹೇಳುತ್ತೇನೆ. ಕಾರಣವನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಆಮೇಲೆ ಟೇಬಲ್, ಆಮೇಲೆ ಮೊಬೈಲ್.