ಲಿಂಡಾವ್‌ಗೆ ಹೋದರೆ ಹಡಗು ಹತ್ತದೆ ಬರಬೇಡಿ

ಮ್ಯೂನಿಕ್, ಸ್ಟುಟ್‌ಗಾರ್ಟ್ ಕಡೆ ಇರುವ ನಮ್ಮವರು ದಕ್ಷಿಣ ಜರ್ಮನಿಯ ಸರೋವರದ ಊರು ಲಿಂಡಾವ್‌ನ ಫೋಟೋ ತೋರಿಸಿದಾಗ ನಾನು ಮೊದಲು ಕೇಳುವುದು, ಹಡಗು ಹತ್ತಿದ್ರಾ ಅಂತ. ಸುಮಾರು ಜನ ಇಲ್ಲ ಅಂತಾರೆ. ಬಂದರಿನ ಬಾಯಲ್ಲಿ ಒಂದು ಕಡೆ 33 ಮೀಟರ್ ಎತ್ತರದ ದೀಪಸ್ತಂಭ, ಇನ್ನೊಂದು ಕಡೆ 6 ಮೀಟರಿನ ಕಲ್ಲಿನ ಸಿಂಹ. ಎರಡೂ 1856ರಲ್ಲಿ ಮುಗಿದವು. ಆದರೆ ಸಿಂಹ ಕೂತಿರುವುದು ಸರೋವರದ ಕಡೆ ಮುಖ ಮಾಡಿ. ದಡದಲ್ಲಿ ನಿಂತವರಿಗೆ ಕಾಣುವುದು ಅದರ ಬೆನ್ನು. ಅದು ನೀರಿನ ಮೇಲೆ ಬರುವವರಿಗಾಗಿ ಕಟ್ಟಿದ ಹೆಬ್ಬಾಗಿಲು, ಹಾಗಾಗಿ ಒಂದು ಸಲವಾದರೂ ಅಲ್ಲಿಂದಲೇ ಒಳಗೆ ಬನ್ನಿ.

ಹಳೇ ಲಿಂಡಾವ್ ಬೋಡನ್‌ಸೀ ಸರೋವರದೊಳಗಿನ ಪುಟ್ಟ ದ್ವೀಪ. ವಾಹನಗಳಿಗೆ ಒಂದು ಸೇತುವೆ, ರೈಲಿಗೆ ಒಂದು ಏರಿ. ಹೆಸರಲ್ಲಿ ‘ಇನ್ಸೆಲ್’ (ಅಂದರೆ ದ್ವೀಪ) ಅಂತ ಇರುವ ನಿಲ್ದಾಣದಲ್ಲಿ ಇಳಿದರೆ ಬಂದರು ಪಕ್ಕದಲ್ಲೇ. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ಹೋಗುವ ಎಕ್ಸ್‌ಪ್ರೆಸ್ ಮಾತ್ರ ದ್ವೀಪದ ಆಚೆಗಿರುವ ರಾಯ್ಟಿನ್ ನಿಲ್ದಾಣದಲ್ಲಿ ನಿಲ್ಲುತ್ತದೆ, ಅಲ್ಲಿಂದ ಬಸ್ಸೋ ಲೋಕಲ್ ರೈಲೋ ಹಿಡಿಯಬೇಕು. ಮೂರು ನಾಲ್ಕು ಜನ ಸೇರಿ ಹೋಗುವುದಾದರೆ ಬಯರ್ನ್-ಟಿಕೆಟ್, ಅಂದರೆ ಬವೇರಿಯಾ ರಾಜ್ಯದೊಳಗೆ ಓಡಾಡುವ ಒಂದು ದಿನದ ಟಿಕೆಟ್, ತೆಗೆದುಕೊಳ್ಳಿ. ಒಂದೇ ಟಿಕೆಟಿನಲ್ಲಿ 5 ಜನರವರೆಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆ ಮಾತ್ರ, ಶನಿವಾರ ಭಾನುವಾರ ಆ ಕಟ್ಟಿಲ್ಲ. ಎಕ್ಸ್‌ಪ್ರೆಸ್ ರೈಲಿಗೆ ಅದು ನಡೆಯುವುದಿಲ್ಲ, ಮರೆಯಬೇಡಿ.

ಇಳಿದ ಕೂಡಲೇ ಬ್ರೆಗೆನ್ಸ್‌ಗೆ ಹಡಗು ಎಷ್ಟು ಹೊತ್ತಿಗಿದೆ ನೋಡಿ. ವಸಂತದಿಂದ ಅಕ್ಟೋಬರ್ ಮಧ್ಯದವರೆಗೆ ಓಡಾಟ ಚೆನ್ನಾಗಿರುತ್ತದೆ. ಅರ್ಧ ಗಂಟೆಯೊಳಗಿನ ದಾರಿ, ಆದರೆ ಇಳಿಯುವುದು ಆಸ್ಟ್ರಿಯಾದಲ್ಲಿ, ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಜೊತೆಯಲ್ಲಿರಲಿ. ವಾಪಸ್ ಬರುವಾಗ ಒಳಗೆ ಕೂರಬೇಡಿ. ಹಡಗಿನ ಮುಂದಿನ ಕಂಬಿ ಹಿಡಿದು ನಿಂತುಕೊಳ್ಳಿ. ಮೊದಲು ದೀಪಸ್ತಂಭ ಸಣ್ಣ ಬಿಳಿ ಗೆರೆಯ ಹಾಗೆ ಕಾಣುತ್ತದೆ, ಆಮೇಲೆ ಸಿಂಹದ ಮುಖ ತಿಳಿಯಾಗುತ್ತದೆ, ಇನ್ನೂ ಹತ್ತಿರ ಬಂದಾಗ ಅವೆರಡರ ನಡುವಿನ ಸಂದಿಯಲ್ಲಿ ಮಾಂಗ್‌ಟುರ್ಮ್ ಎಂಬ ಹಳೇ ಗೋಪುರದ ಬಣ್ಣದ ಹೆಂಚು ಮಿರಮಿರ ಮಿಂಚುತ್ತದೆ, ಅಷ್ಟರಲ್ಲಿ ಹಡಗಿನ ವೇಗ ಇಳಿದು ನೀರಿನ ಸದ್ದೂ ಬದಲಾಗುತ್ತದೆ. ನನಗೆ ಈ ಎರಡು ನಿಮಿಷ ಇಡೀ ಪ್ರವಾಸಕ್ಕೆ ಸಮ. ಹೊಸ ದೀಪಸ್ತಂಭ ಬರುವ ಮೊದಲು ಹಡಗುಗಳಿಗೆ ದಾರಿ ತೋರಿಸುತ್ತಿದ್ದದ್ದು ಆ ಹಳೇ ಗೋಪುರವೇ.

ಹೊಸ ದೀಪಸ್ತಂಭಕ್ಕೆ ಹತ್ತಬಹುದು, 139 ಮೆಟ್ಟಿಲು. ಆಕಾಶ ತಿಳಿಯಾಗಿದ್ದರೆ ಎದುರಿಗೆ ಆಲ್ಪ್ಸ್ ಸಾಲು ಕಾಣುತ್ತದೆ. ಮಂಜು ಕವಿದಿದ್ದರೆ ದುಡ್ಡು ಕೊಟ್ಟು ಹತ್ತುವುದು ಸುಮ್ನೆ.

ಊರೊಳಗೆ ಮ್ಯಾಕ್ಸಿಮಿಲಿಯನ್ ಬೀದಿಯಲ್ಲಿ ಜನ ಜಾಸ್ತಿ. 15ನೇ ಶತಮಾನದಲ್ಲಿ ಕಟ್ಟಿದ, ಗೋಡೆ ತುಂಬ ಚಿತ್ರಗಳಿರುವ ಹಳೇ ಪುರಭವನ ನೋಡಿಕೊಂಡು ಪಕ್ಕದ ಓಣಿಗಳಿಗೆ ತಿರುಗಿಬಿಡಿ. ಪೇಟರ್ಸ್ ಚರ್ಚ್ ಮಾತ್ರ ಬಿಡಬೇಡಿ. ಒಳಗೆ ತಂಪು, ಮಬ್ಬು ಬೆಳಕು. ಗೋಡೆಯ ಮೇಲೆ ಹಿರಿಯ ಹಾನ್ಸ್ ಹೋಲ್‌ಬೈನ್ ಎಂಬ ಜರ್ಮನ್ ಚಿತ್ರಕಾರ ಬರೆದ, ಮಾಸಿದ ಚಿತ್ರಗಳಿವೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಐದು ನಿಮಿಷ ಬೆಂಚಿನ ಮೇಲೆ ಕೂತಿರಿ, ಆಮೇಲೆ ಒಂದೊಂದೇ ಮುಖ ಕಾಣತೊಡಗುತ್ತದೆ. ಪಕ್ಕದಲ್ಲೇ ಇರುವ ‘ಕಳ್ಳರ ಗೋಪುರ’ 1380ರದ್ದು, ಹಿಂದೆ ಸೆರೆಮನೆಯಾಗಿತ್ತು.

ಊಟದ ವಿಷಯ. ಚೀಸ್ ಹಾಕಿದ ಶ್ಪೆಟ್ಸ್ಲೆ ಎಂಬ ಶಾವಿಗೆಯಂಥ ತಿನಿಸನ್ನು ಸಸ್ಯಾಹಾರಿ ಅಂತ ಕೊಡುತ್ತಾರೆ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಮೊಟ್ಟೆ ತಿನ್ನದವರು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋಗುವುದೇ ವಾಸಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ ಅಂತ ಇಟ್ಟುಕೊಂಡೇ ಹೊರಡಿ.

ಉಳಿದುಕೊಳ್ಳುವ ಯೋಚನೆ ಇದ್ದರೆ ಜೂನ್ ಕೊನೆ, ಜುಲೈ ಮೊದಲ ದಿನಗಳನ್ನು ತಪ್ಪಿಸಿ. 1951ರಿಂದ ಇಲ್ಲಿ ನೊಬೆಲ್ ವಿಜ್ಞಾನಿಗಳ ಸಭೆ ನಡೆಯುತ್ತಿದೆ, ಸಾಮಾನ್ಯವಾಗಿ ಅದೇ ಹೊತ್ತಿಗೆ ಬರುತ್ತದೆ, ರೂಮು ಸಿಗುವುದು ಕಷ್ಟ.

ಮಕ್ಕಳನ್ನು ಕಟ್ಟಿಕೊಂಡು ಸಣ್ಣ ದೋಣಿ ಬಾಡಿಗೆಗೆ ಹಿಡಿದರೆ ದಡದ ಕಿತ್ತಳೆ ದೀಪದ ಮೇಲೆ ಒಂದು ಕಣ್ಣಿರಲಿ. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿ ಬರುವ ಸೂಚನೆ, 90 ಸಲ ಆದರೆ ಬಿರುಗಾಳಿ. ಎಣಿಸುತ್ತಾ ಕೂರಬೇಡಿ, ಮಿನುಗಿದ್ದು ಕಂಡ ಕೂಡಲೇ ದಡಕ್ಕೆ ಬನ್ನಿ.

ಸಂಜೆ ಎಲ್ಲರೂ ಬಂದರಿನ ಹತ್ತಿರವೇ ಗುಂಪು ಕಟ್ಟುತ್ತಾರೆ. ನೀವು ಡಬ್ಬಿ ಹಿಡಿದು ದ್ವೀಪದ ಪಡುವಣ ತುದಿಯ ಪುಲ್ವರ್‌ಟುರ್ಮ್ ಗೋಪುರದ ಹತ್ತಿರ ಹೋಗಿ. ಸೂರ್ಯ ಮುಳುಗುವುದು ಆ ಕಡೆ, ಮತ್ತು ಅಲ್ಲಿಂದ ನಿಲ್ದಾಣಕ್ಕೆ ನಡೆದೇ ಬರಬಹುದು.