ದೂರು ಬರೆಯುವ ಮುನ್ನ ತಾರೀಕು ಎಣಿಸಿ: ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ ಲಿಖಿತ ದೂರು

ನಿಜವಾದ ದೂರೂ ಎರಡು ಕಾರಣಕ್ಕೆ ಬಿದ್ದುಹೋಗಬಹುದು: ಗಡುವು ಮೀರಿರುತ್ತದೆ, ಇಲ್ಲವೇ ನಡೆದದ್ದೇನು ಎಂಬುದೇ ಕಾಗದದಲ್ಲಿ ಇರುವುದಿಲ್ಲ.

ಮೊದಲು ಗಡುವು. ಆಫೀಸುಗಳಲ್ಲಿ ‘ಪಾಶ್’ ಎನ್ನುವ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ಕಿರುಕುಳ ಮತ್ತೆ ಮತ್ತೆ ನಡೆದಿದ್ದರೆ ಕೊನೆಯ ಘಟನೆಯಿಂದ ಎಣಿಕೆ. ದೂರನ್ನು ವಿಚಾರಿಸುವ ಸಮಿತಿ ಕಾರಣ ದಾಖಲಿಸಿ ಇನ್ನೂ 3 ತಿಂಗಳವರೆಗೆ ವಿನಾಯಿತಿ ಕೊಡಬಹುದು. ಹಾಗಾಗಿ ತಡವಾಗಿದ್ದರೆ ಏಕೆ ತಡವಾಯಿತೆಂದು ದೂರಿನಲ್ಲೇ ಬರೆಯಿರಿ. ಮ್ಯಾನೇಜರ್‌ಗೆ ಬಾಯಿಮಾತಲ್ಲಿ ಹೇಳಿದ್ದು ದೂರು ಎನಿಸುವುದಿಲ್ಲ. ಬರೆಯಲು ಬಾರದವರಿಗೆ ಬರೆದುಕೊಡಲು ನೆರವಾಗುವುದು ಸಮಿತಿಯದೇ ಹೊಣೆ.

10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ಅದಕ್ಕಿಂತ ಸಣ್ಣ ಅಂಗಡಿ, ಕ್ಲಿನಿಕ್‌ಗಳಲ್ಲಿ ದುಡಿಯುವವರು, ಮನೆಗೆಲಸದವರು ಮತ್ತು ಮಾಲೀಕನ ಮೇಲೆಯೇ ದೂರಿರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಆಂತರಿಕ ಸಮಿತಿಯ ಅಧ್ಯಕ್ಷತೆ ಹಿರಿಯ ಹುದ್ದೆಯ ಮಹಿಳೆಯದ್ದಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು, ಹೊರಗಿನ ಒಬ್ಬ ಸದಸ್ಯರು ಇರಬೇಕು. ಈ ರಚನೆ ತಪ್ಪಿದ್ದರೆ ಮುಂದೆ ಇಡೀ ವಿಚಾರಣೆಯನ್ನೇ ಕೋರ್ಟಿನಲ್ಲಿ ಪ್ರಶ್ನಿಸಲು ದಾರಿಯಾಗುತ್ತದೆ. ಸದಸ್ಯರ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಬರವಣಿಗೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. “ಸೂಪರ್‌ವೈಸರ್ ಸರಿಯಾಗಿ ನಡೆದುಕೊಳ್ಳುವುದಿಲ್ಲ, ಮಾನಸಿಕ ಹಿಂಸೆ ಕೊಡುತ್ತಾರೆ” ಎಂದು ಬರೆದರೆ ‘ಇದು ಲೈಂಗಿಕ ಕಿರುಕುಳವಲ್ಲ’ ಎಂದು ಫೈಲು ಮುಚ್ಚುವುದು ಸುಲಭ. “ಮಾರ್ಚ್ 4, ಊಟದ ಬಿಡುವಿನಲ್ಲಿ, ಕಟಿಂಗ್ ಸೆಕ್ಷನ್ ಬಾಗಿಲ ಬಳಿ ಬೆನ್ನ ಮೇಲೆ ಕೈಯಿಟ್ಟರು. ನಾನು ಸರಿದು ನಿಂತೆ. ಮತ್ತೆ ಇಟ್ಟರು” ಎಂದು ಬರೆಯಿರಿ. ಒಂದೊಂದು ಘಟನೆಗೆ ಒಂದೊಂದು ಪ್ಯಾರಾ, ನಂಬರ್ ಹಾಕಿ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು. ಕೊಳಕು ಮಾತೆಂದು ‘ಅಸಭ್ಯವಾಗಿ ಮಾತಾಡಿದರು’ ಎಂದು ತೇಲಿಸಿದರೆ ಸಾಕ್ಷ್ಯವನ್ನು ನೀವೇ ಅಳಿಸಿದ ಹಾಗೆ. ತಾರೀಕು ನೆನಪಿಲ್ಲವೇ? ಊಹಿಸಿ ಹಾಕಬೇಡಿ, ‘ಯುಗಾದಿ ರಜೆಯ ಹಿಂದಿನ ವಾರ’ ಎಂದರೂ ಆದೀತು.

ಓಟಿ ಬಾಕಿ, ಸಂಬಳದ ತಕರಾರು ಇದರಲ್ಲಿ ಬೆರೆಸಬೇಡಿ, ‘ಹಳೇ ಜಗಳದ ಸಿಟ್ಟು’ ಎನ್ನಲು ಎದುರಿನವರಿಗೆ ನೆಪ ಸಿಗುತ್ತದೆ. ಆದರೆ ಒಪ್ಪದ್ದಕ್ಕೇ ಶಿಫ್ಟ್ ಬದಲಿಸಿದ್ದರೆ, ಕೆಲಸ ಕಳೆಯುವ ಬೆದರಿಕೆ ಹಾಕಿದ್ದರೆ ಅದನ್ನು ಬರೆಯಲೇಬೇಕು, ಏಕೆಂದರೆ ಅದೂ ಕಿರುಕುಳದ ಭಾಗ.

ಕಣ್ಣಾರೆ ಕಂಡವರಿಲ್ಲದಿದ್ದರೆ ಅಂದೇ ನೀವು ಯಾರ ಬಳಿ ಹೇಳಿಕೊಂಡಿರೋ ಅವರ ಹೆಸರು, ವಿಳಾಸ ಕೊಡಿ. ವಾಟ್ಸ್‌ಆ್ಯಪ್ ಸಂದೇಶದ ಸ್ಕ್ರೀನ್‌ಶಾಟ್‌ನಲ್ಲಿ ನಂಬರ್, ತಾರೀಕು ಕಾಣಬೇಕು. ಮೂಲ ಚಾಟ್ ಫೋನಿನಲ್ಲೇ ಉಳಿಯಲಿ.

ದೂರು, ದಾಖಲೆಗಳು ಸೇರಿ ಒಟ್ಟು 6 ಪ್ರತಿ ಸಮಿತಿಗೆ. ಏಳನೆಯದರ ಮೇಲೆ ತಾರೀಕು ಸಮೇತ ಸ್ವೀಕೃತಿ ಹಾಕಿಸಿಕೊಂಡು ಮನೆಯಲ್ಲಿಡಿ.

ಸಮಿತಿ 7 ಕೆಲಸದ ದಿನಗಳಲ್ಲಿ ಒಂದು ಪ್ರತಿಯನ್ನು ಎದುರಿನವರಿಗೆ ಕಳಿಸುತ್ತದೆ, ಅವರು 10 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. ವಿಚಾರಣೆಗೆ 90 ದಿನ. ಅಷ್ಟರವರೆಗೆ ಅದೇ ವ್ಯಕ್ತಿಯ ಕೈಕೆಳಗೆ ದುಡಿಯಬೇಕಿಲ್ಲ: ಇಬ್ಬರಲ್ಲೊಬ್ಬರ ವರ್ಗಾವಣೆ, ನಿಮ್ಮ ರಜೆ ಲೆಕ್ಕಕ್ಕೆ ಸೇರದ 3 ತಿಂಗಳವರೆಗಿನ ರಜೆ, ಅವರು ನಿಮ್ಮ ಅಪ್ರೈಸಲ್ ಬರೆಯದಂತೆ ತಡೆ, ಇವನ್ನು ಸಮಿತಿ ಶಿಫಾರಸು ಮಾಡಬಹುದು. ನೀವು ಬರೆದು ಕೇಳಿದರೆ ಮಾತ್ರ.

‘ಕಾಂಪ್ರಮೈಸ್ ಮಾಡ್ಕೊಳಮ್ಮ’ ಎಂದು ಎಚ್‌ಆರ್ ಹೇಳಿದರೆ ನೆನಪಿಡಿ: ಸಂಧಾನ ದೂರು ಕೊಟ್ಟವಳೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲಲ್ಲ. ಒಪ್ಪಂದವಾದರೆ ವಿಚಾರಣೆ ನಡೆಯುವುದಿಲ್ಲ. ಎದುರಿನವರು ಷರತ್ತು ಮುರಿದರೆ ಮತ್ತೆ ಶುರುವಾಗುತ್ತದೆ. ಎರಡೂ ಕಡೆ ವಕೀಲರಿಗೆ ಪ್ರವೇಶವಿಲ್ಲ. ಸಾಕಷ್ಟು ಕಾರಣವಿಲ್ಲದೆ ಸತತ 3 ಬಾರಿ ಗೈರಾದರೆ, 15 ದಿನದ ನೋಟಿಸ್ ಕೊಟ್ಟು ದೂರನ್ನೇ ಕೈಬಿಡಬಹುದು. ಸಾಬೀತಾಗದ ದೂರು ಸುಳ್ಳು ದೂರಲ್ಲ. ಅಷ್ಟಕ್ಕೇ ನಿಮಗೆ ಶಿಕ್ಷೆಯಿಲ್ಲ. ಪೊಲೀಸ್ ದೂರು (ಭಾರತೀಯ ನ್ಯಾಯ ಸಂಹಿತೆ, ಕಲಂ 75) ಬೇರೆಯೇ ದಾರಿ, ಸಮಿತಿಯ ತೀರ್ಮಾನಕ್ಕೆ ಕಾಯಬೇಕಿಲ್ಲ.

ವಿಚಾರಣೆ ಮುಗಿದ 10 ದಿನದಲ್ಲಿ ವರದಿ ಬರಬೇಕು, ಮಾಲೀಕರು 60 ದಿನದಲ್ಲಿ ಕ್ರಮ ಕೈಗೊಳ್ಳಬೇಕು. ಮೇಲ್ಮನವಿಗೆ ಇರುವ 90 ದಿನ ಆ ವರದಿಯ ಶಿಫಾರಸಿನಿಂದಲೇ ಓಡತೊಡಗುತ್ತದೆ. ವರದಿಯ ಪ್ರತಿ ಕೈಗೆ ಬಾರದಿದ್ದರೆ ಅಂದೇ ಬರೆದು ಕೇಳಿ.